ಒಂದೇ ದಿನದ ಊಟಿ ಟ್ರಿಪ್ ನಿಲ್ಲಿಸುತ್ತಿದ್ದೇವೆ, ಬದಲಿಗೆ ಬಂಡೀಪುರ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ 'ಬೆಳಿಗ್ಗೆ ಹೋಗಿ ರಾತ್ರಿ ವಾಪಸ್' ಊಟಿ ಟ್ರಿಪ್ ಇರುವುದಿಲ್ಲ. ಹನ್ನೊಂದು ವರ್ಷದಿಂದ ಮೈಸೂರಿನಿಂದ ಓಡಿಸುತ್ತಿದ್ದೆವು. ನಮ್ಮ ಮೂರು ಟಿಟಿಗಳ (ಟೆಂಪೊ ಟ್ರಾವೆಲರ್) ಅರ್ಧ ದುಡಿಮೆ ಇದರಿಂದಲೇ ಬರುತ್ತಿತ್ತು. ಅಂಥದ್ದನ್ನು ಯಾಕೆ ಬಿಡುತ್ತಿದ್ದೇವೆ ಅಂತ ಹೇಳಬೇಕಲ್ವಾ?

ಊಟಿಗೆ ಹೋಗುವ ದಾರಿಯಲ್ಲಿ ಸಿಗುವ ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಇದು ಹೊಸದೇನಲ್ಲ, 2009ರಲ್ಲಿ ಬಂದ ನಿಯಮ. ರಾತ್ರಿ ಹೊತ್ತು ಗಾಡಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು, ಅದಕ್ಕೇ ಮಾಡಿದ್ದು. ಆಂಬುಲೆನ್ಸ್ ಮತ್ತು ಕೆಲವೇ ಸರ್ಕಾರಿ ಬಸ್ಸುಗಳನ್ನು ಬಿಟ್ಟರೆ ಮಿಕ್ಕವರು ಕಾಯಲೇಬೇಕು. ಆಚೆ ತಮಿಳುನಾಡಿನ ಮುದುಮಲೈ ಕಾಡಿನ ಕಡೆಯೂ ಇದೇ ಕತೆ. ಅಂದರೆ ಊಟಿಯಿಂದ ಸಂಜೆ ಐದಕ್ಕಾದರೂ ಹೊರಡಬೇಕು. ಕಲ್ಲಹಟ್ಟಿಯ 36 ತಿರುವುಗಳ ಇಳಿಜಾರಿನಲ್ಲಿ ಹೊರಗಿನ ಗಾಡಿ ಬಿಡುವುದಿಲ್ಲ, ಗೂಡಲೂರು ಸುತ್ತಿಕೊಂಡೇ ಬರಬೇಕು. 2024ರ ಮೇ ತಿಂಗಳಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೆ ಹೋಗಲು ಆನ್‌ಲೈನ್‌ನಲ್ಲಿ ಪಡೆಯುವ ಇ-ಪಾಸ್ ಬೇರೆ ಬಂತು.

ಹೋದ ಬೇಸಿಗೆ ರಜೆಯಲ್ಲಿ ಒಂದು ದಿನ ಘಾಟಿಯಲ್ಲಿ ಟ್ರಾಫಿಕ್ ಜಾಮ್. ಗೂಡಲೂರು ದಾಟಿ ಕಾಡಿನ ಚೆಕ್‌ಪೋಸ್ಟ್ ಮುಟ್ಟುವ ಹೊತ್ತಿಗೆ ಒಂಬತ್ತೂ ಇಪ್ಪತ್ತು. ಗೇಟು ಹಾಕಿತ್ತು. ಗಾಡಿಯಲ್ಲಿ ಹನ್ನೆರಡು ಜನ, ಅವರಲ್ಲಿ ಎಪ್ಪತ್ತು ದಾಟಿದ ಅಜ್ಜಿ ಒಬ್ಬರು. ಗೂಡಲೂರಿಗೆ ವಾಪಸ್ ಬಂದು ಹುಡುಕಾಡಿ ಎರಡು ರೂಮು ಹಿಡಿದೆವು. ಹೆಂಗಸರು, ಮಕ್ಕಳು ಅಲ್ಲಿ ಮಲಗಿದರು. ಗಂಡಸರು ಟಿಟಿಯಲ್ಲೇ ಕೂತು ರಾತ್ರಿ ಕಳೆದರು. ತಪ್ಪು ನಮ್ಮದೇ. ಆ ಮನೆಯವರ ಹತ್ತಿರ ಕ್ಷಮೆ ಕೇಳಿ, ದುಡ್ಡು ವಾಪಸ್ ಕೊಟ್ಟಿದ್ದೇವೆ.

ಆದರೆ ನಮಗೆ ಜಾಸ್ತಿ ಚುಚ್ಚಿದ್ದು ಗೇಟು ತಪ್ಪಿದ ದಿನ ಅಲ್ಲ, ಗೇಟು ಸಿಕ್ಕಿದ ದಿನ. ಅದಾದ ಎರಡು ವಾರಕ್ಕೆ ಇನ್ನೊಬ್ಬ ಡ್ರೈವರ್ ಸರಿಯಾದ ಸಮಯಕ್ಕೆ ಗೇಟು ದಾಟಿಸಿಕೊಂಡು ಬಂದ. ಬಂದವನೇ ಸುಮ್ನೆ ಕೂತುಬಿಟ್ಟ. ಅವಸರದಲ್ಲಿ ಓಡಿಸುವಾಗ ಒಂದು ಕಡವೆ ಅಡ್ಡ ಬಂದಿತ್ತಂತೆ, ಒಂದು ಮಾರು ದೂರದಲ್ಲಿ ಬ್ರೇಕ್ ಹಿಡಿಯಿತಂತೆ. ಪ್ರಾಣಿ ಉಳಿಯಲಿ ಅಂತ ಹಾಕಿದ ಗೇಟಿಗಾಗಿಯೇ ನಾವು ಪ್ರಾಣಿ ಮೇಲೆ ಗಾಡಿ ಹತ್ತಿಸುವವರಿದ್ದೆವು. ಅವತ್ತೇ ತೀರ್ಮಾನ ಮಾಡಿದೆವು.

ಇನ್ನು ಮೇಲೆ ಒಂದು ದಿನದ ಟ್ರಿಪ್ ಅಂದರೆ ಗೋಪಾಲಸ್ವಾಮಿ ಬೆಟ್ಟ ಮತ್ತು ಬಂಡೀಪುರ. ಇಷ್ಟು ವರ್ಷ ನಮ್ಮ ಗಿರಾಕಿಗಳು ನಿದ್ದೆ ಮಾಡುತ್ತಾ ದಾಟುತ್ತಿದ್ದ ಜಾಗ ಅದು! ಬೆಟ್ಟ 1,454 ಮೀಟರ್ ಎತ್ತರ. ಬೇಸಿಗೆಯಲ್ಲೂ ಬೆಳಿಗ್ಗೆ ಮಂಜು ಇರುತ್ತದೆ, ಅದಕ್ಕೇ ಹಿಮವದ್ ಗೋಪಾಲಸ್ವಾಮಿ ಅನ್ನುವ ಹೆಸರು. ನಮ್ಮ ಗಾಡಿ ಮೇಲಕ್ಕೆ ಬರುವುದಿಲ್ಲ. ಬುಡದಲ್ಲಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು. ಮೇಲೆ ಕೊಳಲು ಹಿಡಿದ ಕೃಷ್ಣನ ಗುಡಿ, ಸುತ್ತ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಅನ್ನುವ ದಟ್ಟ ಹಸಿರು ಕಾಡು. ಅದೃಷ್ಟ ಇದ್ದರೆ ಎದುರಿನ ಇಳಿಜಾರಿನಲ್ಲಿ ಆನೆ ಹಿಂಡು ಮೇಯುವುದು ಕಾಣುತ್ತದೆ.

ಈ ಕಾಡು ಮೊದಲು ಮೈಸೂರು ಅರಸರು ಬೇಟೆಯಾಡುತ್ತಿದ್ದ ಜಾಗ. 1931ರಲ್ಲಿ ಸುಮಾರು 90 ಚದರ ಕಿಲೋಮೀಟರ್ ಜಾಗವನ್ನು ಪ್ರಾಣಿಗಳಿಗೆ ಬಿಟ್ಟುಕೊಟ್ಟರು. ಬೆಟ್ಟದ ದೇವರ ಹೆಸರನ್ನೇ ಇಟ್ಟು 'ವೇಣುಗೋಪಾಲ ವನ್ಯಜೀವಿ ಪಾರ್ಕ್' ಅಂದರು. 1941ರಲ್ಲಿ ಅದು 800 ಚದರ ಕಿಲೋಮೀಟರ್‌ವರೆಗೆ ಬೆಳೆಯಿತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದಲ್ಲಿ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ತೇಗ, ಮತ್ತಿ, ದಿಂಡಲು, ಬಿದಿರು ಇರುವ ಎಲೆ ಉದುರುವ ಕಾಡು ಇದು. ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಬರೀ ಒಣಗಿದ ಕಡ್ಡಿ ಕಂಡು 'ಇದೇನಾ ಕಾಡು?' ಅನ್ನುತ್ತೀರಿ. 2019ರ ಫೆಬ್ರವರಿಯಲ್ಲಿ ಬಿದ್ದ ಬೆಂಕಿಗೆ ಈ ಬೆಟ್ಟದ ಸುತ್ತಲೂ ತುಂಬಾ ಸುಟ್ಟುಹೋಯಿತು. ಹಾಗಾಗಿ ನಮ್ಮ ಗಾಡಿಯಲ್ಲಿ ಬೀಡಿ, ಸಿಗರೇಟು ಬೇಡ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ನಮ್ಮನ್ನು ಕೇಳಿದರೆ ಜುಲೈ, ಆಗಸ್ಟ್‌ನಲ್ಲಿ ಬನ್ನಿ. ಕಾಡು ಹಸಿರಾಗಿರುತ್ತದೆ, ದಾರಿಯುದ್ದಕ್ಕೂ ಗುಂಡ್ಲುಪೇಟೆ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡು ಹೂವು. ಫೋಟೊ ತೆಗೆಯಲು ಗಾಡಿ ನಿಲ್ಲಿಸುತ್ತೇವೆ, ಆದರೆ ಬೆಳೆ ತುಳಿಯಬೇಡಿ. ಫೋಟೊಗೆ ಹೊಲದವರು ಹತ್ತೋ ಇಪ್ಪತ್ತೋ ಕೇಳಿದರೆ ಚೌಕಾಸಿ ಮಾಡದೆ ಕೊಡಿ.

ಸಫಾರಿ ನಮ್ಮ ಟಿಕೆಟ್‌ನಲ್ಲಿ ಸೇರಿಲ್ಲ. ಅದನ್ನು ನಡೆಸುವುದು, ನಿಲ್ಲಿಸುವುದು ಅರಣ್ಯ ಇಲಾಖೆಗೆ ಬಿಟ್ಟಿದ್ದು. 'ಹುಲಿ ಗ್ಯಾರಂಟಿ' ಅಂತ ನಮ್ಮ ಹಳೇ ಪಾಂಪ್ಲೆಟ್‌ನಲ್ಲಿ ಇದ್ದದ್ದು ನಿಜ. ಅದನ್ನು ಹರಿದು ಹಾಕಿ, ನಾವೂ ಹಾಕಿದ್ದೇವೆ.

ತಲೆಗೆ 1,450 ರೂಪಾಯಿ ಇದ್ದದ್ದು ಈಗ 1,100. ಬೆಳಿಗ್ಗೆ ಆರಕ್ಕೆ ಹೊರಟು ಸಂಜೆ ಏಳರೊಳಗೆ ಮೈಸೂರು. ಊಟಿಯೇ ಬೇಕು ಅನ್ನುವವರಿಗೆ ಒಂದು ರಾತ್ರಿ ಅಲ್ಲೇ ಉಳಿಯುವ ಎರಡು ದಿನದ ಟ್ರಿಪ್ ಇದೆ. ಈಗಾಗಲೇ ಅಡ್ವಾನ್ಸ್ ಕೊಟ್ಟವರು ಎರಡರಲ್ಲಿ ಯಾವುದಕ್ಕಾದರೂ ಬದಲಾಯಿಸಿಕೊಳ್ಳಬಹುದು. ಎರಡೂ ಬೇಡ ಅಂದರೆ ಪೂರ್ತಿ ವಾಪಸ್. ಈ ತಿಂಗಳ ಕೊನೆಯೊಳಗೆ ಆಫೀಸಿಗೆ ಒಂದು ಫೋನ್ ಮಾಡಿ ತಿಳಿಸಿ, ರಸೀತಿ ನಂಬರ್ ಹೇಳಿದರೆ ಸಾಕು.

ಇಂತಿ,
ನಿಮ್ಮ ಟ್ರಾವೆಲ್ಸ್ ಬಳಗ, ಮೈಸೂರು