ಇನ್ನು ಮುಂದೆ ಟೋಕನ್ ಇಲ್ಲ, ಸಮಯ ಬರೆಸಿ ಬನ್ನಿ

ನಮ್ಮ ದಂತ ಚಿಕಿತ್ಸಾಲಯಕ್ಕೆ ಬರುವ ಎಲ್ಲರಿಗೂ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮಲ್ಲಿ ಟೋಕನ್ ಇರುವುದಿಲ್ಲ. ಫೋನ್ ಮಾಡಿಯೋ ಖುದ್ದಾಗಿ ಬಂದೋ ಸಮಯ ಬರೆಸಿಕೊಳ್ಳಿ, ಆ ಹೊತ್ತಿಗೆ ಬಂದರೆ ಸಾಕು. ದಿನಕ್ಕೆ ನೋಡುವವರ ಸಂಖ್ಯೆಯನ್ನೂ ಕಡಿಮೆ ಮಾಡಿದ್ದೇವೆ. ಫೀಸು ಏರಿಸಿಲ್ಲ.

ಕಾರಣ ಹೇಳಬೇಕು. ಹೋದ ಬೇಸಿಗೆಯಲ್ಲಿ ಪಾಂಡವಪುರದ ಕಡೆಯ ಅಜ್ಜಿಯೊಬ್ಬರು ಮೊದಲ ಬಸ್ಸಿಗೇ ಮಂಡ್ಯಕ್ಕೆ ಬಂದು, ಕೆನ್ನೆಗೆ ಸೆರಗು ಒತ್ತಿಕೊಂಡು ಮೂರು ಗಂಟೆ ನಮ್ಮ ಬೆಂಚಿನ ಮೇಲೆ ಕೂತಿದ್ದರು. ಅವರ ಸರದಿ ಬರುವಷ್ಟರಲ್ಲಿ ನಮಗೆ ಅವಸರ. ಕೆಳದವಡೆಗೆ ಇಂಜೆಕ್ಷನ್ ಕೊಟ್ಟು, ತುಟಿ ಪೂರ್ತಿ ಮರಗಟ್ಟುವ ಮುಂಚೆಯೇ ಮಷೀನು ಹಿಡಿದೆವು. ಅಜ್ಜಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಸುಮ್ಮನಿದ್ದರು. ಕಣ್ಣಲ್ಲಿ ನೀರು ಇಳಿದಾಗಲೇ ನಮಗೆ ಗೊತ್ತಾಗಿದ್ದು. ಎರಡನೇ ಸಿಟ್ಟಿಂಗಿಗೆ ಅವರು ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಕೆನ್ನೆ ಊದಿಕೊಂಡು ಬಂದಾಗ, ಉಳಿಯಬಹುದಾಗಿದ್ದ ಹಲ್ಲನ್ನು ಕೀಳಬೇಕಾಯಿತು. ತಪ್ಪು ನಮ್ಮದೇ.

ಮೇಲ್ದವಡೆಯ ಮೂಳೆ ತೆಳು, ಅಲ್ಲಿ ಮರಗಟ್ಟಿಸುವ ಔಷಧ ಬೇಗ ಇಳಿಯುತ್ತದೆ. ಕೆಳಗಿನ ದವಡೆಹಲ್ಲಿನ ಸುತ್ತ ಮೂಳೆ ಗಟ್ಟಿ. ಹಾಗಾಗಿ ನರ ಮೂಳೆಯೊಳಗೆ ಹೋಗುವ ಜಾಗದಲ್ಲಿ, ಹಿಂದುಗಡೆ, ಇಂಜೆಕ್ಷನ್ ಕೊಡುತ್ತೇವೆ. ಅದು ಹತ್ತಲು 5ರಿಂದ 10 ನಿಮಿಷ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಒಳಗಿನ ನರ ಕೆರಳಿದ್ದರೆ ಒಂದು ಇಂಜೆಕ್ಷನ್ ಸಾಲದೆಯೂ ಹೋಗಬಹುದು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರೆ ಆ ಹತ್ತು ನಿಮಿಷವನ್ನೇ ನಾವು ಕದಿಯುತ್ತಿದ್ದೆವು.

ಹಲ್ಲಿಗೆ ತುಂಬಿದ್ದು ಎಷ್ಟು ಚೆನ್ನಾಗಿ ಕೂತಿದೆ ಅಂತ ನಿಮಗೆ ಕನ್ನಡಿಯಲ್ಲಿ ಕಾಣುವುದಿಲ್ಲ. ನೋವಾಯಿತೇ, ಏನು ಮಾಡುತ್ತೇವೆಂದು ಮೊದಲೇ ಹೇಳಿದೆವೇ, ಎಷ್ಟು ಹೊತ್ತು ಕೂರಿಸಿದೆವು, ಬಿಲ್ಲು ಹೇಳಿದಷ್ಟೇ ಬಂತೇ, ನೀವು ನಮ್ಮನ್ನು ಅಳೆಯುವುದು ಇದರಲ್ಲಿ. ಆ ಅಳತೆ ಸರಿಯಾದದ್ದೇ ಅಂತ ನಮಗೆ ಈಗ ಅನಿಸಿದೆ. ಮನಸ್ಸಿಗೆ ಒಪ್ಪದೆ ಹೋದವರು ಮತ್ತೆ ಬರುವುದು ನೋವು ತಡೆಯಲಾರದಾದಾಗ ಮಾತ್ರ.

ಅದಕ್ಕೇ ಇನ್ನು ಮೇಲೆ ಎಕ್ಸ್‌ರೇ ತೋರಿಸಿ, ಆಗುವ ಖರ್ಚನ್ನು ಚೀಟಿಯಲ್ಲಿ ಬರೆದುಕೊಟ್ಟ ಮೇಲೆಯೇ ಕೆಲಸ ಶುರು. ರೂಟ್ ಕೆನಾಲ್‌ಗೆ (ಹಲ್ಲಿನೊಳಗಿನ ನರ ತೆಗೆದು ತುಂಬುವುದಕ್ಕೆ) ಬೇರೆ, ಕ್ಯಾಪಿಗೆ (ಆಮೇಲೆ ಹಲ್ಲಿನ ಮೇಲೆ ಹಾಕುವ ಕವಚಕ್ಕೆ) ಬೇರೆ ಅಂತ ಸ್ಪಷ್ಟವಾಗಿ ಬರೆದಿರುತ್ತೇವೆ. ನಮ್ಮಲ್ಲಿ ಹೆಚ್ಚು ಮನಸ್ತಾಪ ಆಗಿದ್ದು ಈ ಒಂದು ವಿಚಾರಕ್ಕೆ. ನೋವಾದರೆ ಎಡಗೈ ಎತ್ತಿ, ಮಷೀನು ಅಲ್ಲೇ ನಿಲ್ಲುತ್ತದೆ.

ಆಲೆಮನೆ, ಗದ್ದೆ ಕೆಲಸ ಬಿಟ್ಟು ಬರುವವರು ಸಮಯ ಬರೆಸುವಾಗ ನಿಮ್ಮ ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳಿ, ಹೊಂದಿಸಿಕೊಡುತ್ತೇವೆ.

ಮುಖ ಊದಿದ್ದರೆ, ರಕ್ತ ನಿಲ್ಲದಿದ್ದರೆ, ಮಗು ಬಿದ್ದು ಹಲ್ಲಿಗೆ ಪೆಟ್ಟಾಗಿದ್ದರೆ ಸಮಯ ಕೇಳುತ್ತಾ ಕೂರಬೇಡಿ, ನೇರವಾಗಿ ಬನ್ನಿ. ಹಾಲುಹಲ್ಲಲ್ಲ, ಶಾಶ್ವತ ಹಲ್ಲೇ ಬುಡಸಮೇತ ಬಂದುಬಿಟ್ಟಿದ್ದರೆ ಬೇರು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆಯೊಳಗೆ ತಲುಪಲು ನೋಡಿ.

ಇಂತಿ,
ನಿಮ್ಮ ದಂತವೈದ್ಯರು ಮತ್ತು ಸಿಬ್ಬಂದಿ, ಮಂಡ್ಯ