ಪಟ್ಟಿ ಸಾಕು, ಜೋಡಿ ಕೊಡಿ

ಮಾನ್ಯ ಸಂಪಾದಕರೇ,

ವರ್ಷದ ಕೊನೆ ಬಂತೆಂದರೆ ಪುರವಣಿಗಳಲ್ಲಿ ‘ಓದಲೇಬೇಕಾದ ಪುಸ್ತಕಗಳು’ ಎಂಬ ಪಟ್ಟಿ ಬರುತ್ತದೆ. ಪಟ್ಟಿ ಮಾಡಿದವರ ಅಭಿರುಚಿಯ ಬಗ್ಗೆ ತಕರಾರಿಲ್ಲ. ಆದರೆ ಹತ್ತು ಹೆಸರಿದ್ದರೆ ಬಹುಪಾಲು ಕಾದಂಬರಿ, ಜೊತೆಗೆ ಒಂದೆರಡು ಆತ್ಮಕಥೆ. ವಿಜ್ಞಾನ, ಇತಿಹಾಸ, ಕಾನೂನು, ವೈದ್ಯಕೀಯದ ಸುಳಿವೇ ಇರುವುದಿಲ್ಲ. ಇದ್ದರೂ ಅವಕ್ಕೆ ಪ್ರತ್ಯೇಕ ಪಟ್ಟಿ. ಕಾದಂಬರಿ ಓದುವವರು ಆ ಪಟ್ಟಿಯತ್ತ ಕಣ್ಣು ಹಾಯಿಸುವುದಿಲ್ಲ, ಇತಿಹಾಸ ಓದುವವರು ಈ ಪಟ್ಟಿಯತ್ತ ಬರುವುದಿಲ್ಲ. ‘ಓದೋಕೆ ಏನೂ ಹೊಸದು ಸಿಗ್ತಿಲ್ಲ’ ಎನ್ನುವವರಿಗೆ ನಿಜವಾಗಿ ಬೇಕಿರುವುದು ಇನ್ನಷ್ಟು ಹೆಸರುಗಳಲ್ಲ, ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುವ ದಾರಿ. ಗ್ರಂಥಾಲಯದ ಕೆಲಸದವರಿಗೆ ಆ ದಾರಿ ದಿನನಿತ್ಯದ್ದು. ಅದನ್ನು ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈಗಷ್ಟೇ ಮುಗಿಸಿದ ಕಾದಂಬರಿಯಿಂದಲೇ ಶುರುಮಾಡಬಹುದು. ಅದರಲ್ಲಿ ಬಂದ ಯಾವುದಾದರೂ ಒಂದು ಸಂಗತಿಯನ್ನು ಪ್ರಶ್ನೆಯಾಗಿ ಬರೆದುಕೊಳ್ಳಿ. ಬದುಕಿನ ಅರ್ಥದಂಥ ದೊಡ್ಡ ಪ್ರಶ್ನೆ ಬೇಡ; ಸಣ್ಣದು, ಗಟ್ಟಿಯಾದದ್ದು ಬೇಕು. ಪ್ಲೇಗು ಬಂದ ಊರಿನ ಕಥೆ ಓದಿದಿರಿ ಎನ್ನಿ. ಜನ ಸಾಯುವುದಕ್ಕೆ ಮೊದಲು ಇಲಿಗಳು ಬೀಳುತ್ತವೆ. ಇಲಿಯೇ ಏಕೆ ಮೊದಲು? ಕಾದಂಬರಿಕಾರ ಇದನ್ನು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಕಥೆಯಲ್ಲಿ ಅದು ಬರಲಿರುವ ಕೇಡಿನ ಸೂಚನೆ ಅಷ್ಟೆ. ಉತ್ತರ ಇರುವುದು ಬೇರೆ ಕಪಾಟಿನಲ್ಲಿ. ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದರು. ಅದು ಚಿಗಟದ ಮೂಲಕ ಹರಡುತ್ತದೆ ಎಂಬುದನ್ನು 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದವರು ಪಾಲ್-ಲೂಯಿ ಸಿಮೊಂಡ್. ಸತ್ತ ಇಲಿಯ ಮೈ ತಣ್ಣಗಾಗುತ್ತಿದ್ದಂತೆ ಚಿಗಟಗಳು ಅದನ್ನು ಬಿಟ್ಟು ಬಿಸಿ ರಕ್ತದ ಮತ್ತೊಂದು ಮೈ ಹುಡುಕುತ್ತವೆ. ಇಲಿಗಳು ಮುಗಿದ ಮೇಲೆ ಹತ್ತಿರ ಉಳಿಯುವವರು ಮನುಷ್ಯರೇ. ಇಷ್ಟು ತಿಳಿದುಕೊಂಡು ಕಾದಂಬರಿಯ ಆ ಪುಟಕ್ಕೆ ಮರಳಿದರೆ, ಮೊದಲು ಗಮನಕ್ಕೇ ಬಾರದಿದ್ದ ಸಾಲೊಂದು ಅಲ್ಲಿ ಎದ್ದು ಕಾಣುತ್ತದೆ.

ಹುಡುಕುವಾಗ ಎಡವುವುದು ಎಲ್ಲಿ ಎಂದರೆ, ಒಂದು ವಿಷಯದ ಪುಸ್ತಕಗಳೆಲ್ಲ ಒಂದೇ ಕಡೆ ಇರುತ್ತವೆಂದು ನಂಬುವುದರಲ್ಲಿ. ಹೆಚ್ಚಿನ ಸಾರ್ವಜನಿಕ ಗ್ರಂಥಾಲಯಗಳು ಬಳಸುವುದು ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ, ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಡುವ ದಶಮಾಂಶ ವರ್ಗೀಕರಣವನ್ನು. ಅದು ವಿಷಯಗಳನ್ನು ಜೋಡಿಸುವುದು ಶಾಸ್ತ್ರದ ಪ್ರಕಾರ, ಓದುಗನ ಕುತೂಹಲದ ಪ್ರಕಾರ ಅಲ್ಲ. ಹಾಗಾಗಿ ಪ್ಲೇಗಿನ ಚಿಕಿತ್ಸೆ 616ರಲ್ಲಿ, ಸಾಂಕ್ರಾಮಿಕವನ್ನು ತಡೆಯುವ ಕ್ರಮಗಳು 614ರಲ್ಲಿ, ಚಿಗಟ 595ರಲ್ಲಿ, ಇಲಿ 599ರಲ್ಲಿ, ಪ್ಲೇಗು ಬಂದ ದೇಶದ ಚರಿತ್ರೆ 900ರ ಸಾಲಿನಲ್ಲಿ ಕೂರುತ್ತದೆ. ಕಾದಂಬರಿಯೋ, ಇವೆಲ್ಲದರಿಂದ ದೂರ: ಕನ್ನಡದ್ದಾದರೆ 894.8143. ಅದಕ್ಕೇ ನೇರವಾಗಿ ಕಪಾಟಿಗೆ ಹೋಗದೆ ಮೊದಲು ಗ್ರಂಥಾಲಯದ ಪುಸ್ತಕಗಳ ಸೂಚಿ ನೋಡಬೇಕು. ಕಂಪ್ಯೂಟರಿನಲ್ಲಿ ಹುಡುಕುವಾಗ ಶೀರ್ಷಿಕೆಯ ಜಾಗದಲ್ಲಿ ಬರೆಯಬೇಡಿ, ‘ವಿಷಯ’ ಎಂಬ ಜಾಗದಲ್ಲಿ ಬರೆಯಿರಿ. ಅನೇಕ ಸೂಚಿಗಳಲ್ಲಿ ವಿಷಯದ ಹೆಸರಿನ ಮುಂದೆ ಗೆರೆ ಎಳೆದು ‘ಕಾದಂಬರಿ’ ಅಥವಾ ‘ಚರಿತ್ರೆ’ ಎಂದು ಸೇರಿಸಿರುತ್ತಾರೆ. ಒಂದೇ ವಿಷಯದ ಕಥೆಯೂ ಕಥೆಯಲ್ಲದ್ದೂ ಒಟ್ಟಿಗೆ ಕಾಣಿಸುವ ಜಾಗ ಅದೊಂದೇ ಇರಬಹುದು. ಸೂಚಿ ಸರಿಯಾಗಿ ಮಾಡಿರದ ಕಡೆ ಈ ಅನುಕೂಲ ಇಲ್ಲ. ಅಲ್ಲಿ ಕೌಂಟರಿನಲ್ಲಿ ಕೂತವರನ್ನು ಕೇಳುವುದೇ ಸರಿ. ‘ಒಳ್ಳೆ ಪುಸ್ತಕ ಕೊಡಿ’ ಎಂದರೆ ಅವರಿಗೂ ಕಷ್ಟ. ‘ಈ ಪುಸ್ತಕ ಹಿಡಿಸಿತು, ಇದರಲ್ಲಿ ಇಂಥ ಭಾಗ ಹಿಡಿಸಿತು’ ಎಂದು ಹೇಳಿ ನೋಡಿ.

ಸಂಖ್ಯೆ ಸಿಕ್ಕ ಮೇಲೆ ಬೇಕಾದ ಪುಸ್ತಕ ತೆಗೆದುಕೊಂಡು ತಕ್ಷಣ ಹೊರಡಬೇಡಿ. ಪುಸ್ತಕಗಳನ್ನು ವಿಂಗಡಿಸುವ ಮತ್ತೊಂದು ಪದ್ಧತಿಯಾದ ಕೋಲನ್ ವರ್ಗೀಕರಣವನ್ನು 1933ರಲ್ಲಿ ಕೊಟ್ಟ ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಕಪಾಟಿನ ಜೋಡಣೆಯ ಬಗ್ಗೆ ಒಂದು ಮಾತು ಹೇಳಿದ್ದರು: ಎದುರಿಗೆ ನಡುವೆ ಇರುವುದು ನಮ್ಮ ವಿಷಯದ ಪುಸ್ತಕಗಳು, ಅದರ ಎರಡೂ ಪಕ್ಕದಲ್ಲಿ ಅರೆನೆರಳಿನ ಹಾಗೆ ಸಂಬಂಧಪಟ್ಟವು, ಅದರಾಚೆ ಪೂರಾ ಪರಕೀಯವಾದವು. ವೈವಿಧ್ಯ ಬೇಕಾದವರಿಗೆ ಲಾಭವಿರುವುದು ಆ ಅರೆನೆರಳಿನಲ್ಲೇ. ಎಡಕ್ಕೆ ಎರಡು ಅಂಕಣ, ಬಲಕ್ಕೆ ಎರಡು ಅಂಕಣ ನಿಂತು ನೋಡಿ. ಇನ್ನೊಂದು ವಿಷಯ: ಜನ ಹೆಚ್ಚು ಓದುವ ಪುಸ್ತಕ ಕಪಾಟಿನಲ್ಲಿ ಸಿಗುವುದು ಅಪರೂಪ, ಅದು ಯಾರದೋ ಮನೆಯಲ್ಲಿರುತ್ತದೆ. ವಾಪಸು ಬಂದ ಪುಸ್ತಕಗಳನ್ನು ಮತ್ತೆ ಜೋಡಿಸುವ ಮುನ್ನ ಪೇರಿಸಿಡುವ ತಳ್ಳುಗಾಡಿ ಇದೆಯಲ್ಲ, ಅದನ್ನು ತಪ್ಪದೆ ನೋಡಿ. ಪತ್ತೇದಾರಿ ಕಥೆಯ ಪಕ್ಕದಲ್ಲಿ ಜೇನುಸಾಕಣೆ, ಅದರ ಕೆಳಗೆ ಪ್ರವಾಸಕಥನ. ಯಾವ ವಿಮರ್ಶಕನೂ ಮಾಡದ ಆಯ್ಕೆ ಅದು.

ಕಥೆಯಲ್ಲದ ಪುಸ್ತಕವನ್ನು ಬೆನ್ನುಡಿ ನೋಡಿ ಆರಿಸುವುದು ದೊಡ್ಡ ತಪ್ಪು. ಬೆನ್ನುಡಿ ಮಾರಾಟಕ್ಕಾಗಿ ಬರೆದದ್ದು. ಹಿಂದಿನಿಂದ ತೆರೆಯಿರಿ. ಕೊನೆಯಲ್ಲಿ ಪದಸೂಚಿ ಇದೆಯೇ? ಇದ್ದರೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪದ ಆರಿಸಿ, ಅದು ಬರುವ ಪುಟ ತೆಗೆದು ಓದಿ. ನಿಮಗೆ ಗೊತ್ತಿರುವ ವಿಷಯವನ್ನೇ ಲೇಖಕ ತಪ್ಪಾಗಿ ಬರೆದಿದ್ದರೆ, ಗೊತ್ತಿಲ್ಲದ್ದನ್ನು ಅವನಿಂದ ಕಲಿಯುವುದು ಹೇಗೆ? ಪದಸೂಚಿಯಲ್ಲಿ ಒಂದೇ ಪದದ ಮುಂದೆ ನಲವತ್ತು ಪುಟಸಂಖ್ಯೆ ಸಾಲಾಗಿ ನಿಂತು, ಒಳವಿಂಗಡಣೆ ಏನೂ ಇಲ್ಲದಿದ್ದರೆ ಅದನ್ನು ಯಂತ್ರಕ್ಕೆ ಬಿಟ್ಟಿದ್ದಾರೆ ಎಂದು ಅನುಮಾನಿಸಬಹುದು. ಆಮೇಲೆ ಗ್ರಂಥಋಣ, ಅಂದರೆ ಲೇಖಕ ಆಧರಿಸಿದ ಪುಸ್ತಕಗಳ ಪಟ್ಟಿ. ಅಲ್ಲಿ ಇರುವುದು ಹತ್ತಿಪ್ಪತ್ತು ವರ್ಷ ಹಳೆಯ ಪುಸ್ತಕಗಳು ಮಾತ್ರವೇ? ಲೇಖಕನ ಹಿಂದಿನ ಪುಸ್ತಕಗಳೇ ಜಾಸ್ತಿಯೇ? ಮುಂದಿನ ಓದಿಗೆ ಹೆಸರು ಸಿಗುವುದೂ ಇಲ್ಲೇ. ಅಡಿಟಿಪ್ಪಣಿಗಳಲ್ಲಿ ಮೂರು ಬೇರೆ ಬೇರೆ ಅಧ್ಯಾಯಗಳಲ್ಲಿ ಮತ್ತೆ ಮತ್ತೆ ಬರುವ ಹೆಸರನ್ನು ಗುರುತು ಹಾಕಿಕೊಳ್ಳಿ. ಆ ವಿಷಯದ ತಾಯಿಬೇರು ಸಾಮಾನ್ಯವಾಗಿ ಅದೇ ಆಗಿರುತ್ತದೆ.

ಹಕ್ಕುಸ್ವಾಮ್ಯದ ಪುಟವನ್ನೂ ಬಿಡಬೇಡಿ. ದೊಡ್ಡ ಅಕ್ಷರದಲ್ಲಿರುವ ವರ್ಷ ಮರುಮುದ್ರಣದ್ದು, ‘ಮೊದಲ ಮುದ್ರಣ’ ಎಂದು ಕೆಳಗೆ ಸಣ್ಣದಾಗಿ ಇರುವ ವರ್ಷವೇ ಪುಸ್ತಕದ ವಯಸ್ಸು. ಆರೋಗ್ಯ, ಕಂಪ್ಯೂಟರು, ತೆರಿಗೆ ಕಾನೂನಿನ ಪುಸ್ತಕಗಳಲ್ಲಿ ಇದನ್ನು ನೋಡದೆ ಓದಿದರೆ ಹಳೆಯ ತಿಳಿವಳಿಕೆಯನ್ನು ಹೊಸದೆಂದು ನಂಬಿ ಕೂರುತ್ತೀರಿ. ಪ್ರವಾಸಕಥನಕ್ಕೂ ದಿನಚರಿಗೂ ಈ ಭಯವಿಲ್ಲ. ಅವು ಹಳತಾದಷ್ಟೂ ದಾಖಲೆಯಾಗುತ್ತವೆ.

ಕಾದಂಬರಿಯ ಪರೀಕ್ಷೆ ಬೇರೆ. ಮೊದಲ ಪುಟವನ್ನು ಯಾವ ಲೇಖಕನೂ ಹತ್ತು ಸಲ ತಿದ್ದಿರುತ್ತಾನೆ, ಅದನ್ನು ನಂಬಿ ಆರಿಸಬಾರದು. ಮೂರನೇ ಒಂದು ಭಾಗ ಕಳೆದ ಮೇಲೆ ಎಲ್ಲಾದರೂ ತೆರೆದು ಎರಡು ಪುಟ ಓದಿ. ಮಾಧ್ಯಮ ಚಿಂತಕ ಮಾರ್ಷಲ್ ಮೆಕ್ಲುಹಾನ್ 69ನೇ ಪುಟ ನೋಡಬೇಕೆಂದು ಹೇಳಿದ್ದರೆಂಬ ಮಾತಿದೆ. ಆ ಸಂಖ್ಯೆಯಲ್ಲಿ ಮಂತ್ರವೇನಿಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಲೇಖಕನ ಆರಂಭದ ಬಿಗಿ ಸಡಿಲವಾಗಿ ನಿಜವಾದ ಗದ್ಯ ಕಾಣಿಸುತ್ತದೆ. ಸಂಭಾಷಣೆ ಬಂದರೆ ಹೆಸರುಗಳನ್ನು ಕೈಯಿಂದ ಮುಚ್ಚಿ ಓದಿ. ಯಾರು ಮಾತಾಡುತ್ತಿದ್ದಾರೆ ಎಂಬುದು ತಿಳಿಯದಿದ್ದರೆ ಪಾತ್ರಗಳೆಲ್ಲ ಲೇಖಕನ ದನಿಯಲ್ಲೇ ಮಾತಾಡುತ್ತಿವೆ ಎಂದರ್ಥ. ಇಷ್ಟಾಗಿಯೂ ಹಿಡಿಸದ ಪುಸ್ತಕ ಮನೆಗೆ ಬರುತ್ತದೆ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ: 50 ಪುಟ ಓದಿ ನೋಡಿ, ಹಿಡಿಸದಿದ್ದರೆ ಬಿಡಿ, ವಯಸ್ಸು 50 ದಾಟಿದವರು 100ರಿಂದ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. 68ರ ಹರೆಯದವರಿಗೆ 32 ಪುಟ. ಕಾದಂಬರಿಗೆ ಇದು ಸರಿ. ಕಥೆಯಲ್ಲದ ಪುಸ್ತಕಕ್ಕೆ ಅನ್ವಯಿಸುವಾಗ ಮೊದಲ 50 ಪುಟವನ್ನೇ ಓದಬೇಕೆಂದಿಲ್ಲ. ಪರಿವಿಡಿಯಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರವಿರುವ ಅಧ್ಯಾಯವೊಂದನ್ನು ಪೂರ್ತಿ ಓದಿ ತೀರ್ಮಾನಿಸಬಹುದು. ಮೊದಲಿನಿಂದ ಕೊನೆಯವರೆಗೆ ಓದಲೇಬೇಕೆಂಬ ಹಟದಿಂದಲೇ ಎಷ್ಟೋ ಇತಿಹಾಸದ ಪುಸ್ತಕಗಳು ಎರಡನೇ ಅಧ್ಯಾಯದಲ್ಲಿ ನಿಂತುಹೋಗುತ್ತವೆ.

ಅನುವಾದಕರ ಹೆಸರನ್ನು ಓದುಗರು ಗಮನಿಸುವುದೇ ಕಡಿಮೆ. ಒಳ್ಳೆಯ ಅನುವಾದಕ ಒಂದು ಭಾಷೆಯ ಸಾಹಿತ್ಯವನ್ನು ವರ್ಷಗಟ್ಟಲೆ ಓದಿ, ಅದರಿಂದ ಕೆಲವೇ ಪುಸ್ತಕ ಆರಿಸಿ ತಂದಿರುತ್ತಾನೆ. ಒಂದು ಅನುವಾದ ಹಿಡಿಸಿದರೆ ಮೂಲ ಲೇಖಕನ ಮತ್ತೊಂದು ಪುಸ್ತಕ ಹುಡುಕುವಂತೆಯೇ ಅನುವಾದಕನ ಮತ್ತೊಂದನ್ನೂ ಹುಡುಕಿ. ಲೇಖಕ, ಪ್ರಕಾರ, ಕಾಲ ಎಲ್ಲವೂ ಬದಲಾಗಿ ರುಚಿ ಮಾತ್ರ ಕೈಬಿಡುವುದಿಲ್ಲ. ಮೂಲಭಾಷೆಯಿಂದ ನೇರವಾಗಿ ತಂದದ್ದೋ ಇಂಗ್ಲಿಷಿನ ಮೂಲಕ ಬಂದದ್ದೋ ಎಂಬುದನ್ನು ಅರಿಕೆಯಲ್ಲಿ ನೋಡಿಕೊಳ್ಳಿ. ನಡುವೆ ಇನ್ನೊಂದು ಭಾಷೆ ಇದ್ದರೆ ಅಲ್ಲಿ ಬಿಟ್ಟುಹೋದದ್ದು ಇಲ್ಲಿಯೂ ಬಿಟ್ಟುಹೋಗಿರುತ್ತದೆ.

ಪ್ರಶಸ್ತಿಗಳ ವಿಷಯದಲ್ಲಿ ಗೆದ್ದ ಪುಸ್ತಕಕ್ಕಿಂತ ಮೊದಲ ಸುತ್ತಿನ ಪಟ್ಟಿ ಉಪಯುಕ್ತ. ಅನುವಾದಗಳಿಗಾಗಿ ಕೊಡುವ ಅಂತರರಾಷ್ಟ್ರೀಯ ಬೂಕರ್ 2025ರಲ್ಲಿ ಕನ್ನಡದ ಕಥಾಸಂಕಲನಕ್ಕೆ ಬಂದಾಗ ಎಲ್ಲರೂ ಆ ಒಂದು ಪುಸ್ತಕ ಹುಡುಕಿದರು, ಸಂತೋಷ. ಆದರೆ ಅದೇ ವರ್ಷದ ಮೊದಲ ಪಟ್ಟಿಯಲ್ಲಿ 13 ಪುಸ್ತಕಗಳಿದ್ದವು. ಬೇರೆ ಬೇರೆ ದೇಶಗಳಿಂದ ಆರಿಸಿ ಬೇರೆಯವರು ಸೋಸಿಕೊಟ್ಟ ಹೆಸರುಗಳು. ಕಥೆಯಲ್ಲದ ಪುಸ್ತಕಗಳಿಗೆ ಬ್ರಿಟನ್ನಿನ ಬೇಲಿ ಗಿಫರ್ಡ್ ಪ್ರಶಸ್ತಿ 1999ರಿಂದ, ಆಗ ಬೇರೆ ಹೆಸರಿನಲ್ಲಿ, ನಡೆದುಬಂದಿದೆ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಒಂದೇ ವಿಷಯ ಮುಟ್ಟುವ ಎರಡು ಹೆಸರು ಸಿಗುತ್ತವೆಯೇ ನೋಡಿ.

ಆನ್‌ಲೈನ್ ಅಂಗಡಿಗಳ ‘ನಿಮಗೂ ಇಷ್ಟವಾಗಬಹುದು’ ಎಂಬ ಸಲಹೆಯ ಬಗ್ಗೆ ಎರಡು ಮಾತು. ಇದನ್ನು ಕೊಂಡವರು ಮತ್ತೇನು ಕೊಂಡರು ಎಂಬುದೇ ಅಲ್ಲಿಯ ಮುಖ್ಯ ಲೆಕ್ಕ. ಹೆಚ್ಚು ಮಾರಾಟವಾದದ್ದು ಹೆಚ್ಚು ಕಾಣಿಸುತ್ತದೆ, ಹೆಚ್ಚು ಕಂಡದ್ದು ಇನ್ನೂ ಹೆಚ್ಚು ಮಾರಾಟವಾಗುತ್ತದೆ. ಮೂರು ಥ್ರಿಲ್ಲರ್ ಕೊಂಡವರಿಗೆ ನಾಲ್ಕನೇ ಥ್ರಿಲ್ಲರ್ ಬರುತ್ತದೆಯೇ ಹೊರತು ಅಪರಾಧ ಪತ್ತೆಗೆ ನೆರವಾಗುವ ವಿಧಿವಿಜ್ಞಾನದ ಪುಸ್ತಕ ಬರುವುದು ಕಡಿಮೆ. ಲಾಗಿನ್ ಆಗದೆ ಹುಡುಕಿದರೆ ಈ ಸುತ್ತಿನಿಂದ ಸ್ವಲ್ಪ ಪಾರಾಗಬಹುದು. ಹಳೆಯ ಪುಸ್ತಕಗಳಿಗೆ 1996ರಲ್ಲಿ ಶುರುವಾದ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯ ಇದೆ. ಅಲ್ಲಿ ಕನ್ನಡ ಪುಸ್ತಕಗಳೂ ಬೇಕಾದಷ್ಟಿವೆ, ಆದರೆ ಅನೇಕ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ತೋಚಿದಂತೆ ಬರೆದಿದ್ದಾರೆ. ದೀರ್ಘಾಕ್ಷರಕ್ಕೆ ಒಂದು ‘ಎ’, ಎರಡು ‘ಎ’ ಹೀಗೆ ಮೂರ್ನಾಲ್ಕು ರೀತಿ ಬರೆದು ಹುಡುಕದಿದ್ದರೆ ಇರುವ ಪುಸ್ತಕವೂ ಇಲ್ಲವೆಂದೇ ತೋರುತ್ತದೆ.

ಕೊನೆಗೆ ಮನೆಗೆ ತಂದವುಗಳನ್ನು ಓದುವ ಲೆಕ್ಕ. ಇಂಗ್ಲಿಷ್ ಓದಿನ ವೇಗದ ಬಗ್ಗೆ 190 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ, ನಿಮಿಷಕ್ಕೆ ಕಥೆಯಲ್ಲಿ ಸುಮಾರು 260 ಪದ, ಕಥೆಯಲ್ಲದ್ದರಲ್ಲಿ 238 ಪದ ಎಂದು ಹೇಳುತ್ತದೆ. ಎರಡನೆಯದರಲ್ಲಿ ಪದಗಳು ಉದ್ದ ಎಂಬುದು ಕಾರಣ. ಕನ್ನಡಕ್ಕೆ ಈ ಅಂಕಿ ಹೊಂದುವುದಿಲ್ಲ, ನಮ್ಮಲ್ಲಿ ವಿಭಕ್ತಿ ಸೇರಿ ಪದವೇ ಉದ್ದ. ಎರಡೂ ಬಗೆಯ ಪುಸ್ತಕ ಹತ್ತು ಹತ್ತು ನಿಮಿಷ ಓದಿ ಪುಟ ಎಣಿಸಿಕೊಳ್ಳಿ, ನಿಮ್ಮ ಲೆಕ್ಕ ಸಿಗುತ್ತದೆ. ಒಟ್ಟಿಗೆ ಎರಡು ಪುಸ್ತಕ ನಡೆಸುವವರು ಎರಡೂ ಭಾರದವನ್ನು ಹಿಡಿಯಬಾರದು. ಗಮನ ಬೇಡುವ ಇತಿಹಾಸ ತಲೆ ಹಗುರಾಗಿರುವ ಹೊತ್ತಿಗೆ, ಕಥೆ ರಾತ್ರಿಗೆ. ಎರಡೂ ಕಾದಂಬರಿಯಾದರೆ ಪಾತ್ರಗಳು ಕಲಸಿಹೋಗುತ್ತವೆ. ಒಂದು ಕಥೆ, ಒಂದು ಕಥೆಯಲ್ಲದ್ದು ಎಂದಾಗ ಆ ತೊಂದರೆ ಬಾರದು. ಇಷ್ಟಕ್ಕೆ ಇಷ್ಟು ಎಂಬ ಅನುಪಾತ ಹಾಕಿಕೊಂಡವರು ಬೇಗ ಕೈಬಿಡುತ್ತಾರೆ. ಪ್ರಶ್ನೆಯ ಹಿಂದೆ ಹೋದವರಿಗೆ ಅನುಪಾತ ತಾನಾಗಿ ಕೂಡಿಬರುತ್ತದೆ.

ಇನ್ನು ಪತ್ರಿಕೆಗೆ ಕೋರಿಕೆ. ಮುಂದಿನ ಸಲ ಹತ್ತು ಹೆಸರಿನ ಪಟ್ಟಿಯ ಬದಲು ಐದು ಜೋಡಿ ಕೊಡಿ: ಒಂದು ಕಥೆ, ಅದೇ ವಿಷಯದ ಒಂದು ಕಥೆಯಲ್ಲದ ಪುಸ್ತಕ, ಎರಡನ್ನೂ ಕೂಡಿಸುವ ಪ್ರಶ್ನೆ ಒಂದು ಸಾಲಿನಲ್ಲಿ. ವಾರದ ವಿಮರ್ಶೆಗಳ ಕೆಳಗೆ ಬೆಲೆ, ಪ್ರಕಾಶಕರ ಹೆಸರಿನ ಜೊತೆಗೆ ಮೊದಲ ಮುದ್ರಣದ ವರ್ಷ, ಅನುವಾದವಾದರೆ ಯಾವ ಭಾಷೆಯಿಂದ, ಪದಸೂಚಿ ಮತ್ತು ಗ್ರಂಥಋಣ ಇವೆಯೋ ಇಲ್ಲವೋ ಎಂಬುದನ್ನೂ ಅಚ್ಚು ಹಾಕಿ. ‘ಪದಸೂಚಿ ಇಲ್ಲ’ ಎಂದು ಪ್ರತಿ ವಾರ ಅಚ್ಚಾಗತೊಡಗಿದರೆ ಪ್ರಕಾಶಕರೂ ಅದನ್ನು ಸೇರಿಸುವ ಬಗ್ಗೆ ಯೋಚಿಸಿಯಾರು. ಇದಕ್ಕೆ ಬೇಕಾಗುವುದು ಎರಡು ಸಾಲು ಜಾಗ. ಪುಸ್ತಕದ ಮುಖಪುಟದ ಚಿತ್ರವನ್ನು ಒಂದಿಷ್ಟು ಚಿಕ್ಕದು ಮಾಡಿದರೂ ಸಿಗುತ್ತದೆ.

ಇಂತಿ,
ಒಬ್ಬ ಗ್ರಂಥಪಾಲಕ