ಏಕಾದಶಿ ಎಂದದ್ದಕ್ಕೆ ಸೊನ್ನೆ ಅಂಕ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ನಮ್ಮ ಅಮ್ಮನನ್ನು ಮೊದಲ ಸಲ ನೆನಪಿನ ಪರೀಕ್ಷೆಗೆ ಕರೆದುಕೊಂಡು ಹೋದಾಗ, "ಇವತ್ತು ಯಾವ ತಾರೀಖು?" ಎಂದು ಕೇಳಿದರು. ಅಮ್ಮ ತಡಮಾಡದೆ, "ಇವತ್ತು ಏಕಾದಶಿ ಅಲ್ವಾ, ನಾನಿನ್ನೂ ಏನೂ ತಿಂದಿಲ್ಲ" ಎಂದರು. ಆ ಉತ್ತರಕ್ಕೆ ಸೊನ್ನೆ ಬಿತ್ತು. ಆಮೇಲೆ ಒಂದಕ್ಕೊಂದು ಹೆಣೆದ ಎರಡು ಪಂಚಕೋನ ತೋರಿಸಿ, ನೋಡಿ ಬರೆಯಿರಿ ಎಂದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅಮ್ಮನ ಕೈಗೆ ಪೆನ್ಸಿಲ್ ಒಗ್ಗಲಿಲ್ಲ. ಅದೇ ಕೈ ಅವತ್ತು ಬೆಳಿಗ್ಗೆ ಬಾಗಿಲಿಗೆ ಹದಿನೈದು ಚುಕ್ಕಿಯ ರಂಗೋಲಿ ಇಟ್ಟಿತ್ತು.

ಹಾಗಂತ ಅಮ್ಮನಿಗೆ ಏನೂ ಆಗಿರಲಿಲ್ಲ ಎಂದಲ್ಲ. ಮರೆವು ಶುರುವಾಗಿತ್ತು, ಅದು ಮೊದಲು ಕಂಡದ್ದು ಅಳಗುಳಿ ಮಣೆಯ ಮುಂದೆ. ಹದಿನಾಲ್ಕು ಗುಳಿಗಳಲ್ಲಿ ಎಲ್ಲೆಲ್ಲಿ ಎಷ್ಟು ಹುಣಸೆಬೀಜ ಇದೆ ಎಂದು ಕಣ್ಣಲ್ಲೇ ಲೆಕ್ಕ ಹಾಕುತ್ತಿದ್ದವರು ಒಂದೊಂದನ್ನೂ ಬೆರಳಿಟ್ಟು ಎಣಿಸತೊಡಗಿದರು. ಬರಬರುತ್ತಾ, "ಈಗ ಆಡಬೇಕಾದ್ದು ನಾನೋ ನೀನೋ?" ಎಂದು ಮೊಮ್ಮಗಳನ್ನು ಕೇಳತೊಡಗಿದರು. ನಾವು ವಯಸ್ಸಾಯಿತು ಎಂದುಕೊಂಡು ಸುಮ್ಮನಾದೆವು. ಕಾಯಿಲೆಗೆ ಹೆಸರು ಸಿಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಆ ಎರಡು ವರ್ಷ ನನ್ನನ್ನು ಈಗಲೂ ಕಾಡುತ್ತದೆ.

ಸ್ವಾಮಿ, ನನ್ನ ಕೋರಿಕೆ ಹುಟ್ಟಿದ್ದು ಆ ಮಣೆಯಿಂದ. ನಮ್ಮ ಹಿರಿಯರು ಇಷ್ಟಪಟ್ಟು ಆಡುವಂಥ ಮೊಬೈಲ್ ಆಟವೊಂದನ್ನು, ಮರೆವನ್ನು ಬೇಗ ಗುರುತಿಸುವುದಕ್ಕೆಂದೇ, ಸರ್ಕಾರ ಕನ್ನಡದಲ್ಲಿ ಮಾಡಿಸಲಿ. ಪ್ರತಿ ನಡೆಗೆ ಹಿಡಿದ ಹೊತ್ತು, ತಡವರಿಕೆ, ಮತ್ತೆ ಮತ್ತೆ ಆದ ತಪ್ಪು, ಇವನ್ನೆಲ್ಲ ಆಟವೇ ಗುರುತಿಟ್ಟುಕೊಳ್ಳಬಲ್ಲದು. ಆಗ ಅಮ್ಮನನ್ನು ಕಾಲೇಜು ಓದಿದವರ ಪಕ್ಕ ನಿಲ್ಲಿಸಿ ಅಳೆಯಬೇಕಿಲ್ಲ. ಆರು ತಿಂಗಳ ಹಿಂದಿನ ಅಮ್ಮನ ಪಕ್ಕ ನಿಲ್ಲಿಸಿದರೆ ಸಾಕು.

ಇದು ಬರೀ ಕನಸಲ್ಲ. 2016ರಲ್ಲಿ ಬಂದ 'ಸೀ ಹೀರೋ ಕ್ವೆಸ್ಟ್' ದೋಣಿ ನಡೆಸಿ ದಾರಿ ಹುಡುಕುವ ಆಟ. ಅದನ್ನು 40 ಲಕ್ಷಕ್ಕೂ ಹೆಚ್ಚು ಜನ ಆಡಿದರು. ಮರೆವು ತರುವ ಅಲ್ಜೈಮರ್ ಕಾಯಿಲೆ ಮೊದಮೊದಲು ಹಾನಿ ಮಾಡುವುದೇ ದಾರಿಯ ಅರಿವಿಗೆ ಬೇಕಾದ ಮಿದುಳಿನ ಭಾಗಗಳಿಗೆ. ಆ ಕಾಯಿಲೆಯ ಅಪಾಯ ಹೆಚ್ಚಿಸುವ ಜೀನ್ ಇರುವ ಕೆಲವರು ಮಾಮೂಲಿ ನೆನಪಿನ ಪರೀಕ್ಷೆಯಲ್ಲಿ ಚೆನ್ನಾಗಿದ್ದರೂ ಈ ಆಟದಲ್ಲಿ ದಾರಿ ತಪ್ಪುತ್ತಿದ್ದುದು 2019ರ ಅಧ್ಯಯನದಲ್ಲಿ ಕಂಡುಬಂತು. ನಮ್ಮವರಿಗೆ ಸಮುದ್ರ, ದೋಣಿ ಬೇಡ. ದೊಡ್ಡ ಗಣಪತಿ ಗುಡಿಯಿಂದ ಗಾಂಧಿ ಬಜಾರಿಗೆ ಹೋಗಿ, ಹೇಳಿದ ಐದು ತರಕಾರಿ ತಂದು, ಚಿಲ್ಲರೆ ಲೆಕ್ಕ ನೋಡಿ ಮನೆ ಸೇರುವ ಆಟವಿರಲಿ. ಓದಲು ಬಾರದವರಿಗೆ ದನಿಯಲ್ಲಿ ಹೇಳಲಿ. ಕಲಬುರಗಿಯವರಿಗೆ ಕಲಬುರಗಿಯ ಮಾತಿನಲ್ಲೇ ಹೇಳಲಿ.

ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆ ಎಂದು ರಾಷ್ಟ್ರೀಯ ಸಮೀಕ್ಷೆಯೊಂದು ಅಂದಾಜಿಸಿದೆ. ಇದಕ್ಕೆ ಬೇಕಾದ ತಿಳಿವಳಿಕೆ ನಮ್ಮೂರಲ್ಲೇ ಇದೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರವೇ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಆವರಣದ ಮಿದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರದ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡುತ್ತಿದೆ. ಗೇಮ್ ಮಾಡುವ ಹುಡುಗ ಹುಡುಗಿಯರಿಗಂತೂ ಬೆಂಗಳೂರಿನಲ್ಲಿ ಬರವಿಲ್ಲ. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವುದು ನಿಮ್ಮಿಂದ ಆಗುವ ಕೆಲಸ.

ನನಗೆ ಭಯವೂ ಇದೆ. ಕಣ್ಣಿನ ಪೊರೆ, ನಡುಗುವ ಕೈ, ಒಣ ಬೆರಳನ್ನು ಗುರುತಿಸದ ಪರದೆ, ಫೋನಿನ ಅಭ್ಯಾಸವೇ ಇಲ್ಲದಿರುವುದು, ಇವೆಲ್ಲ ಮರೆವಿನಂತೆಯೇ ಕಾಣಬಹುದು. ಅದಕ್ಕೇ ಮೊದಲ ಕೆಲವು ವಾರದ ಆಟ ಬರೀ ಕಲಿಕೆಗೆ ಎಂದಿಡಬೇಕು. "ನಿಮಗೆ ಮರೆವಿನ ಕಾಯಿಲೆ" ಎಂದು ಪರದೆಯ ಮೇಲೆ ಎಂದೂ ಬರಕೂಡದು. ವ್ಯತ್ಯಾಸ ಕಂಡರೆ ಸರ್ಕಾರದ 'ನಮ್ಮ ಕ್ಲಿನಿಕ್'ನಿಂದ ಒಬ್ಬರು ಫೋನ್ ಮಾಡಿ ಕರೆಯಲಿ. ಬಿ12, ಥೈರಾಯ್ಡ್, ಕಿವಿ, ಮನಸ್ಸಿನ ಖಿನ್ನತೆ ಮೊದಲು ನೋಡಲಿ. ಇವುಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯೂ ಇದೆ. ಆಟದ ಮಾಹಿತಿ ವಿಮಾ ಕಂಪನಿಗಳ ಕೈಗೆ ಹೋಗಲೇಬಾರದು. ಆಟ ಆಡಿದರೆ ಮರೆವು ವಾಸಿಯಾಗುತ್ತದೆ ಎಂದೂ ಯಾರೂ ಹೇಳದಿರಲಿ. ಅಂಥ ಆಧಾರವಿಲ್ಲದ ಜಾಹೀರಾತಿಗಾಗಿ ಅಮೆರಿಕದಲ್ಲಿ ಮಿದುಳಿನ ಆಟಗಳನ್ನು ಮಾರುವ ಲುಮೋಸಿಟಿ ಕಂಪನಿ 2016ರಲ್ಲಿ 20 ಲಕ್ಷ ಡಾಲರ್ ತೆರಬೇಕಾಯಿತು.

ಮೊದಲ ಪ್ರಯೋಗವನ್ನು ನಮ್ಮ ಹನುಮಂತನಗರದಲ್ಲೇ ಮಾಡಿ. ಬೆಳಿಗ್ಗೆ ಪಾರ್ಕಿನ ಬೆಂಚಿನಲ್ಲಿ ಕೂರುವ ಹಿರಿಯರನ್ನು ನಾನೇ ಮಾತಾಡಿಸಿ ಕರೆತರುತ್ತೇನೆ. ಆಟ ರೂಪಿಸುವವರಿಗೆ ಬೇಕಿದ್ದರೆ ಅಮ್ಮನ ಮಣೆಯನ್ನೂ ಹುಣಸೆಬೀಜದ ಡಬ್ಬಿಯನ್ನೂ ತಂದುಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹನುಮಂತನಗರದ ಒಬ್ಬ ಮಗಳು